ರಾತ್ರಿ ಮೂರು ಗಂಟೆಯ ಓದುಗ

“ಸರ್ವರ್ ಡೌನ್ ಇದೆ, ನಾಳೆ ಬನ್ನಿ” ಎಂಬ ಮಾತನ್ನು ನಾಡಕಚೇರಿಯ ಕಿಟಕಿಯಲ್ಲೋ ಬ್ಯಾಂಕಿನ ಕೌಂಟರಿನಲ್ಲೋ ಕೇಳದವರು ಈಗ ಸಿಗುವುದು ಕಷ್ಟ. ಕಿಟಕಿಯ ಈಚೆ ನಿಂತವರ ಪಾಲಿಗೆ ಮಾತು ಅಲ್ಲಿಗೆ ಮುಗಿಯಿತು. ಇನ್ಯಾವುದೋ ಊರಿನ ಇನ್ಯಾವುದೋ ಕಟ್ಟಡದಲ್ಲಿ ಕೂತ ಸಿಸ್ಟಮ್ ಅಡ್ಮಿನ್ ಪಾಲಿಗೆ ಕೆಲಸ ಅಲ್ಲಿಂದ ಶುರು. ನಿಂತುಹೋದ ಯಂತ್ರಕ್ಕೆ ಕೈಹಚ್ಚುವ ಮೊದಲು ಅವರಿಗೆ ಕೆಲವು ಸಂಗತಿಗಳು ಗೊತ್ತಾಗಬೇಕು. ಈ ಡೇಟಾಬೇಸ್ ಯಾವ ಸರ್ವರಿನಲ್ಲಿದೆ, ಅದನ್ನು ನೆಚ್ಚಿಕೊಂಡ ಬೇರೆ ಸೇವೆಗಳು ಯಾವುವು, ಯಾವುದನ್ನು ಮೊದಲು ಎಬ್ಬಿಸಬೇಕು, ಬ್ಯಾಕಪ್ ಎಲ್ಲಿದೆ, ಕಳೆದ ಸಲ ಹೀಗೇ ಆದಾಗ ಏನು ಮಾಡಿದ್ದರು. ಇವೆಲ್ಲ ಎಲ್ಲೋ ಬರೆದಿರಬಹುದು, ಯಾರದೋ ತಲೆಯಲ್ಲಿರಬಹುದು, ಎರಡು ವರ್ಷ ಹಳೆಯ ಇಮೇಲೊಂದರ ಬುಡದಲ್ಲಿರಬಹುದು. ಬರೆದಿಡುವುದಕ್ಕೆ ಉಪಕರಣಗಳಿಗೇನೂ ಬರವಿಲ್ಲ: ಕಾನ್ಫ್ಲುಯೆನ್ಸ್, ಶೇರ್‌ಪಾಯಿಂಟ್, ನೋಷನ್, ಮೀಡಿಯಾವಿಕಿ, ಡೋಕುವಿಕಿ, ಬುಕ್‌ಸ್ಟ್ಯಾಕ್, ಇಲ್ಲವೇ ಗಿಟ್‌ನಲ್ಲಿ ಇಟ್ಟ ಬರೀ ಪಠ್ಯ ಕಡತಗಳು. ತಂಡಗಳು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಸಾಮಾನ್ಯವಾಗಿ ಹಗಲು ಹನ್ನೊಂದು ಗಂಟೆಗೆ, ತಂಪಾದ ಮೀಟಿಂಗ್ ಕೋಣೆಯಲ್ಲಿ, ಸೌಲಭ್ಯಗಳ ಪಟ್ಟಿಯ ಎದುರು ಟಿಕ್ ಹಾಕುತ್ತ. ಆ ಪುಟವನ್ನು ಪ್ರಾಣಕ್ಕೆ ಬಂದವರಂತೆ ಓದುವವರು ಮಾತ್ರ ರಾತ್ರಿ ಮೂರು ಗಂಟೆಗೆ, ಅರೆನಿದ್ದೆಯಲ್ಲಿ, ಫೋನು ಹೊಡೆದುಕೊಳ್ಳುತ್ತಿರುವಾಗ ಓದುತ್ತಾರೆ. ಆಯ್ಕೆಯನ್ನು ಆ ಓದುಗರ ಕಡೆಯಿಂದ ಮಾಡಬೇಕು ಎಂಬುದು ಈ ಅಧ್ಯಾಯದ ವಾದ. ಹಾಗೆ ಮಾಡಿದರೆ ಪಟ್ಟಿಯ ಬಹುಪಾಲು ಸಾಲುಗಳು ಉದುರಿಹೋಗಿ ಎರಡು ಪ್ರಶ್ನೆಗಳು ಉಳಿಯುತ್ತವೆ. ಉಳಿದೆಲ್ಲ ಕೆಟ್ಟು ನಿಂತಾಗ ಇದನ್ನು ಓದಲಾಗುತ್ತದೆಯೆ? ತಪ್ಪು ಕಂಡ ಗಳಿಗೆಯಲ್ಲೇ ಇದನ್ನು ತಿದ್ದಲಾಗುತ್ತದೆಯೆ?

ತನ್ನ ಎಡವಟ್ಟನ್ನು ತಾನೇ ಲೋಕದೆದುರು ಬಿಚ್ಚಿಟ್ಟ ಒಂದು ಸಂಸ್ಥೆಯ ಪ್ರಕರಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಿಟ್‌ಲ್ಯಾಬ್ ಪ್ರೋಗ್ರಾಮರುಗಳ ಕೋಡನ್ನು ಕಾಪಿಡುವ ಸೇವೆ. 2017ರ ಜನವರಿ 31ರಂದು ಅದರ ಡೇಟಾಬೇಸಿನ ಮೇಲೆ ವಿಪರೀತ ಹೊರೆ ಬಿದ್ದು, ಮುಖ್ಯ ಸರ್ವರಿನ ನಕಲನ್ನು ಇಟ್ಟುಕೊಳ್ಳುವ ಎರಡನೇ ಸರ್ವರ್ ಹಿಂದುಳಿಯಿತು. ಅದನ್ನು ಖಾಲಿ ಮಾಡಿ ಮೊದಲಿನಿಂದ ನಕಲು ತೆಗೆಯಲು ಎಂಜಿನಿಯರ್ ಒಬ್ಬರು ಆಜ್ಞೆ ಕೊಟ್ಟರು. ಪರದೆಯ ಮೇಲೆ ಏನೂ ಕಾಣಲಿಲ್ಲ. ಮುಖ್ಯ ಸರ್ವರ್ ದತ್ತಾಂಶ ಕಳಿಸಲು ತೊಡಗುವವರೆಗೆ ಆ ಪ್ರೋಗ್ರಾಮು ಸದ್ದಿಲ್ಲದೆ ಕಾಯುತ್ತ ಕೂರುವುದು ಅದರ ಸಹಜ ನಡವಳಿಕೆ. ಈ ಒಂದು ಸಾಲು ಸಂಸ್ಥೆಯ ರನ್‌ಬುಕ್‌ನಲ್ಲಿ, ಅಂದರೆ ಇಂಥ ಹೊತ್ತಿನಲ್ಲಿ ಏನೇನು ಮಾಡಬೇಕೆಂದು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟ ಕೈಪಿಡಿಯಲ್ಲಿ, ಸ್ಪಷ್ಟವಾಗಿ ಇರಲಿಲ್ಲ. ಆ ಪ್ರೋಗ್ರಾಮಿನ ಅಧಿಕೃತ ಕೈಪಿಡಿಯಲ್ಲೂ ಇರಲಿಲ್ಲ. ಅದು ಸಿಕ್ಕಿಹಾಕಿಕೊಂಡಿದೆ ಎಂದೇ ಭಾವಿಸಿದ ಎಂಜಿನಿಯರ್, ಅಲ್ಲಿದ್ದ ಹಳೆಯ ಫೋಲ್ಡರೇ ಅಡ್ಡಿ ಇರಬೇಕೆಂದು ಅದನ್ನು ಅಳಿಸಿದರು. ಅಳಿಸಿದ್ದು ಮುಖ್ಯ ಸರ್ವರಿನಲ್ಲಿ. ಒಂದೆರಡು ಸೆಕೆಂಡಿನಲ್ಲಿ ತಪ್ಪು ಹೊಳೆದು ನಿಲ್ಲಿಸುವಷ್ಟರಲ್ಲಿ, ಸುಮಾರು 300 ಗಿಗಾಬೈಟ್ ಇದ್ದಲ್ಲಿ ಉಳಿದದ್ದು ನಾಲ್ಕೂವರೆ.

ಹೋಗಲಿ, ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದರೆ ಬ್ಯಾಕಪ್ ಇಡುವ ಜಾಗ ಖಾಲಿ. ಬ್ಯಾಕಪ್ ತೆಗೆಯುವ ಪ್ರೋಗ್ರಾಮಿನ ಆವೃತ್ತಿ 9.2, ಡೇಟಾಬೇಸಿನ ಆವೃತ್ತಿ 9.6, ಎರಡೂ ಹೊಂದದೆ ಅದು ಪ್ರತಿ ಸಲವೂ ಸೋಲುತ್ತಿತ್ತು. ಸೋತೆನೆಂದು ಅದು ಕಳಿಸುತ್ತಿದ್ದ ಇಮೇಲ್‌ಗಳಿಗೆ ಸರಿಯಾದ ಸಹಿ ಇಲ್ಲವೆಂದು ಅಂಚೆ ವ್ಯವಸ್ಥೆ ಅವನ್ನು ತಿರಸ್ಕರಿಸುತ್ತಿತ್ತು. ಕೊನೆಗೆ ಕೈಹಿಡಿದದ್ದು ಆರು ಗಂಟೆ ಮುಂಚೆ ಬೇರಾವುದೋ ಪ್ರಯೋಗಕ್ಕೆಂದು ಎಂಜಿನಿಯರ್ ಒಬ್ಬರು ತಾವಾಗಿ ತೆಗೆದಿಟ್ಟಿದ್ದ ಒಂದು ಪ್ರತಿ. ಸೇವೆ ಮತ್ತೆ ಏಳುವುದಕ್ಕೆ ಸುಮಾರು 18 ಗಂಟೆ ಹಿಡಿಯಿತು. ಆ ಆರು ಗಂಟೆಗಳಲ್ಲಿ ಡೇಟಾಬೇಸ್ ಸೇರಿದ್ದು ಮರಳಿ ಬರಲಿಲ್ಲ. ಬ್ಯಾಕಪ್ಪನ್ನು ಆಗಾಗ ಪರೀಕ್ಷಿಸಿ ನೋಡಲಿಲ್ಲವೇಕೆ ಎಂಬ ಪ್ರಶ್ನೆಗೆ ಸಂಸ್ಥೆ ತನ್ನ ವರದಿಯಲ್ಲಿ ಕೊಟ್ಟ ಉತ್ತರ, ಅದಕ್ಕೆ ಯಾರೂ ವಾರಸುದಾರರು ಇರಲಿಲ್ಲ ಎಂದು. ಈ ಉತ್ತರವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಸದ್ಯಕ್ಕೆ ಗಮನಿಸಬೇಕಾದ್ದು ಒಂದು ಸಾಲಿನ ಬೆಲೆ. “ಇದು ಸುಮ್ಮನೆ ಕಾಯುತ್ತದೆ, ಗಾಬರಿ ಬೇಡ” ಎಂಬ ವಾಕ್ಯ ರನ್‌ಬುಕ್‌ನಲ್ಲಿ ಇದ್ದಿದ್ದರೆ ಆ ರಾತ್ರಿಯ ಕತೆ ಬೇರೆಯಾಗುವ ಸಾಧ್ಯತೆ ಇತ್ತು. ಗೂಗಲ್‌ನ ಎಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮೊದಲೇ ಯೋಚಿಸಿ ಬರೆದಿಟ್ಟ ಕೈಪಿಡಿ ಇದ್ದಾಗ ಕೆಟ್ಟದ್ದನ್ನು ಸರಿಪಡಿಸುವ ವೇಗ ಹೆಚ್ಚುಕಡಿಮೆ ಮೂರು ಪಟ್ಟು ಉತ್ತಮಗೊಳ್ಳುವುದನ್ನು ಕಂಡಿದ್ದಾಗಿ ಹೇಳಿದ್ದಾರೆ. ಅದು ಅವರ ಒಂದು ಸಂಸ್ಥೆಯ ಅನುಭವ. ಎಲ್ಲರಿಗೂ ಅದೇ ಮೂರು ಎಂದು ಹಿಡಿಯಬೇಕಿಲ್ಲ. ದಿಕ್ಕಿನ ಬಗ್ಗೆ ಮಾತ್ರ ಅನುಮಾನ ಬೇಡ.

ಬರೆಯಬೇಕು ಎನ್ನುವುದನ್ನು ಒಪ್ಪಿದರೆ ಎಲ್ಲಿ ಬರೆಯಬೇಕು ಎನ್ನುವ ಪ್ರಶ್ನೆ ಬರುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಕಾಲ ಜಗತ್ತಿನಿಂದ ಮಾಯವಾದವು. ವಾಡಿಕೆಯ ನಿರ್ವಹಣೆಯ ಹೊತ್ತಿನಲ್ಲಿ ಕೊಟ್ಟ ಒಂದು ಆಜ್ಞೆ ಡೇಟಾ ಸೆಂಟರುಗಳನ್ನು ಬೆಸೆಯುವ ಜಾಲವನ್ನೇ ಕಡಿದುಹಾಕಿತು. ಅಂಥ ಆಜ್ಞೆಯನ್ನು ತಡೆಯಬೇಕಿದ್ದ ಪರಿಶೀಲನಾ ಪ್ರೋಗ್ರಾಮಿನಲ್ಲಿ ದೋಷವಿತ್ತು. ಜಾಲ ಹೋದೊಡನೆ ಕಂಪನಿಯ ಹೆಸರುಗಳಿಗೆ ವಿಳಾಸ ಹೇಳುವ ಡಿಎನ್ಎಸ್ ಸರ್ವರುಗಳು ತಾವೇ ಹಿಂದೆ ಸರಿದವು. ಡಿಎನ್ಎಸ್ ಹೋದೊಡನೆ, ಇಂಥ ಸಂದರ್ಭದಲ್ಲಿ ತನಿಖೆಗೆಂದು ಎಂಜಿನಿಯರುಗಳು ಬಳಸುವ ಒಳಗಿನ ಉಪಕರಣಗಳೂ ಕೈಕೊಟ್ಟವು. ಕೊನೆಗೆ ಜನರೇ ಡೇಟಾ ಸೆಂಟರಿಗೆ ಹೋಗಬೇಕಾಯಿತು, ಸುಲಭಕ್ಕೆ ಯಾರೂ ಒಳಗೆ ಬರಬಾರದೆಂದೇ ಕಟ್ಟಿದ ಕಟ್ಟಡಗಳಿಗೆ. ಅದೇ ವಂಶದ ಇನ್ನೊಂದು ಘಟನೆ 2017ರ ಫೆಬ್ರುವರಿ 28ರದು. ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಅಮೆರಿಕದ ಪೂರ್ವ ಕರಾವಳಿಯ ಭಾಗದಲ್ಲಿ ಕುಸಿದಾಗ, ಸೇವೆಗಳು ಹೇಗಿವೆ ಎಂದು ಗ್ರಾಹಕರಿಗೆ ತೋರಿಸುವ ಫಲಕವನ್ನು ಸುಮಾರು ಎರಡು ಗಂಟೆ ಕಾಲ ಬದಲಿಸಲಾಗಲಿಲ್ಲ. ಆ ಫಲಕದ ಹಿಂದಿನ ವ್ಯವಸ್ಥೆ ಎಸ್3ಯನ್ನೇ ನೆಚ್ಚಿಕೊಂಡಿತ್ತು. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದುಹೋದಂತೆ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 2022ರ ಏಪ್ರಿಲ್ 5ರ ಘಟನೆ. ಅಟ್ಲಾಸಿಯನ್ ಸಂಸ್ಥೆ ಮಾರುವ ಕಾನ್ಫ್ಲುಯೆನ್ಸ್ ಎಷ್ಟೋ ಐಟಿ ತಂಡಗಳ ಜ್ಞಾನಭಂಡಾರ. ಅದೇ ಸಂಸ್ಥೆಯ ಜಿರಾದಲ್ಲಿ ದೂರುಗಳು ದಾಖಲಾಗುತ್ತವೆ, ಆಪ್ಸ್‌ಜೀನಿ ಅನ್ನುವುದು ರಾತ್ರಿ ಪಾಳಿಯವರನ್ನು ಫೋನು ಮಾಡಿ ಎಬ್ಬಿಸುತ್ತದೆ. ಆ ದಿನ ಹಳೆಯ ಒಂದು ಆ್ಯಪನ್ನು ತೆಗೆದುಹಾಕಲು ಹೊರಟ ತಂಡಕ್ಕೆ ಇನ್ನೊಂದು ತಂಡ ಆ್ಯಪಿನ ಗುರುತಿನ ಸಂಖ್ಯೆಗಳ ಬದಲು ಗ್ರಾಹಕರ ತಾಣಗಳದ್ದೇ ಗುರುತಿನ ಸಂಖ್ಯೆಗಳನ್ನು ಕೊಟ್ಟಿತ್ತು. ಅಳಿಸುವ ಪ್ರೋಗ್ರಾಮು ಎರಡನ್ನೂ ಮರುಮಾತಿಲ್ಲದೆ ಸ್ವೀಕರಿಸುತ್ತಿತ್ತು. 23 ನಿಮಿಷಗಳಲ್ಲಿ 883 ತಾಣಗಳು, 775 ಗ್ರಾಹಕ ಸಂಸ್ಥೆಗಳದ್ದು, ಅಳಿಸಿಹೋದವು. ಕೆಲವರಿಗೆ ಅವು ಮರಳಿ ಸಿಕ್ಕಿದ್ದು ಎರಡು ವಾರಗಳ ಹತ್ತಿರ ಕಳೆದ ಮೇಲೆ. ತಾಣದ ಜೊತೆ ಗ್ರಾಹಕರನ್ನು ಸಂಪರ್ಕಿಸುವ ವಿವರಗಳೂ ಹೋಗಿದ್ದರಿಂದ ಸಂಸ್ಥೆಗೆ ಯಾರಿಗೆ ತಿಳಿಸಬೇಕೆನ್ನುವುದೇ ತಕ್ಷಣ ಗೊತ್ತಾಗಲಿಲ್ಲ. ಇತ್ತ ಗ್ರಾಹಕರ ಕಡೆಯಿಂದ ನೋಡಿ: ಆ ಎರಡು ವಾರಗಳಲ್ಲಿ ಅವರ ಸ್ವಂತ ಸರ್ವರ್ ಕೆಟ್ಟಿದ್ದರೆ ಎಬ್ಬಿಸುವ ಕರೆಯೂ ಇಲ್ಲ, ದೂರಿನ ದಾಖಲೆಯೂ ಇಲ್ಲ, ದಾರಿ ತೋರಿಸುವ ಪುಟವೂ ಇಲ್ಲ. ಮೂರನ್ನೂ ಒಂದೇ ಅಂಗಡಿಯಲ್ಲಿ ಕೊಂಡ ಅನುಕೂಲದ ಇನ್ನೊಂದು ಮುಖ ಅದು.

ಇದಕ್ಕೆ ಮೊದಲ ಆಕ್ಷೇಪ ತಟ್ಟನೆ ಬರುತ್ತದೆ. ದೊಡ್ಡ ಕಂಪನಿಯ ಮೋಡಸೇವೆ, ಅಂದರೆ ಕ್ಲೌಡ್, ಕೆಡುವುದು ಅಪರೂಪ. ನಮ್ಮ ಕಚೇರಿಯ ಮೂಲೆಯಲ್ಲಿರುವ ಹಳೆಯ ಸರ್ವರಿಗಿಂತ ಅದು ಎಷ್ಟೋ ಪಾಲು ನಂಬಿಕಸ್ಥ. ಹೀಗಿರುವಾಗ ನಾಲ್ಕು ಅಪಘಾತಗಳನ್ನು ಹೆಕ್ಕಿ ತೋರಿಸಿ ಹೆದರಿಸುವುದು ನ್ಯಾಯವೆ? ಆಕ್ಷೇಪದ ಮೊದಲರ್ಧ ಪೂರ್ತಿ ಸರಿ. ಆದರೆ ಇಲ್ಲಿ ಅಳೆಯಬೇಕಾದ್ದು ಉಪಕರಣ ಎಷ್ಟು ಸಲ ಕೆಡುತ್ತದೆ ಎನ್ನುವುದಕ್ಕಿಂತ, ನಮ್ಮ ವ್ಯವಸ್ಥೆ ಕೆಟ್ಟ ಗಳಿಗೆಯಲ್ಲೇ ಅದೂ ಕೆಟ್ಟಿರುತ್ತದೆಯೆ ಎನ್ನುವುದನ್ನು. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ. ವ್ಯವಸ್ಥೆ ಸಾವಿರ ಗಂಟೆಗೆ ಒಂದು ಗಂಟೆ ಕೆಟ್ಟಿರುತ್ತದೆ, ವಿಕಿಯೂ ಸಾವಿರಕ್ಕೆ ಒಂದು ಗಂಟೆ. ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಎರಡೂ ಒಟ್ಟಿಗೆ ಕೆಡುವುದು ಹತ್ತು ಲಕ್ಷ ಗಂಟೆಗೆ ಒಂದು ಗಂಟೆ. ನೂರು ವರ್ಷಕ್ಕೂ ಮೀರಿದ ಮಾತು, ಮರೆತುಬಿಡಬಹುದು. ಆದರೆ ವಿಕಿ ಅದೇ ವರ್ಚುವಲ್ ಯಂತ್ರಗಳ ಗುಂಪಿನಲ್ಲಿ, ಅದೇ ಸ್ವಿಚ್ಚಿನ ಹಿಂದೆ, ಅದೇ ಲಾಗಿನ್ ಸರ್ವರನ್ನು ನೆಚ್ಚಿ ಕೂತಿದ್ದರೆ, ಒಂದು ಬಿದ್ದಾಗ ಇನ್ನೊಂದೂ ಬಿತ್ತು. ಹತ್ತು ಲಕ್ಷಕ್ಕೆ ಒಂದು ಇದ್ದದ್ದು ಮತ್ತೆ ಸಾವಿರಕ್ಕೆ ಒಂದಾಯಿತು. ಈ ಲೆಕ್ಕದ ಪ್ರಕಾರ ಸ್ವಂತ ಸರ್ವರಿನಲ್ಲಿ ಕೂರಿಸಿದ ವಿಕಿಗೆ ಮೋಡದ ವಿಕಿಗಿಂತ ಹೆಚ್ಚಿನ ಅಪಾಯ ಇರಬಹುದು. ಸ್ವಂತದ್ದೇ ಒಳ್ಳೆಯದು ಎನ್ನುವ ಹಟದವರು ಇದನ್ನು ಗಮನಿಸಬೇಕು. ಮೋಡದಲ್ಲಿದ್ದರೂ ಅದರೊಳಗೆ ಹೋಗಲು ಕಂಪನಿಯ ಲಾಗಿನ್ನೇ ಬೇಕೆಂದಾದರೆ, ಲಾಗಿನ್ ಸರ್ವರ್ ಕೆಟ್ಟ ರಾತ್ರಿ ಅದು ಬಾಗಿಲು ಹಾಕಿದ ಗ್ರಂಥಾಲಯ.

ಆದ್ದರಿಂದ ಮೊದಲ ಪರೀಕ್ಷೆಯಲ್ಲಿ ಗೆಲ್ಲುವುದು ಹೆಸರಾಂತ ಉಪಕರಣವೇ ಆಗಬೇಕಿಲ್ಲ. ನಕಲು ಸುಲಭವಾಗಿ ತೆಗೆಯಲು ಬಿಡುವ ಉಪಕರಣ ಗೆಲ್ಲುತ್ತದೆ. ಗಿಟ್‌ನ ರಚನೆಯಲ್ಲೇ ಈ ಗುಣ ಇದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಅದನ್ನು ಬರೆದದ್ದು ಲಿನಕ್ಸ್ ಕೋಡಿಗಾಗಿ. ಆದರೆ ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ಪೂರ್ತಿ ಕಡತಗಳು, ಪೂರ್ತಿ ಇತಿಹಾಸದ ಸಮೇತ, ಕೂತಿರುವ ಆ ವ್ಯವಸ್ಥೆ ರನ್‌ಬುಕ್‌ಗೆ ಹೇಳಿ ಮಾಡಿಸಿದಂತಿದೆ. ಮಾರ್ಕ್‌ಡೌನ್ ಎಂಬ ಸರಳ ಗುರುತುಗಳಲ್ಲಿ ಬರೆದ ಪುಟವನ್ನು ಯಾವ ಆ್ಯಪೂ ಇಲ್ಲದೆ ಓದಬಹುದು. 2004ರಲ್ಲಿ ಶುರುವಾದ ಡೋಕುವಿಕಿಯದೂ ಇದೇ ಜಾಣತನ: ನೋಡಲು ವಿಕಿ, ಒಳಗೆ ಡೇಟಾಬೇಸೇ ಇಲ್ಲ, ಪ್ರತಿ ಪುಟವೂ ಒಂದು ಪಠ್ಯ ಕಡತ. ವೆಬ್ ಸರ್ವರ್ ಸತ್ತರೂ ಫೋಲ್ಡರ್ ತೆರೆದು ಓದಬಹುದು, ದಿನಕ್ಕೊಮ್ಮೆ ಇನ್ನೊಂದು ಊರಿನ ಯಂತ್ರಕ್ಕೆ ನಕಲು ಹಾಕಬಹುದು. ಬುಕ್‌ಸ್ಟ್ಯಾಕ್ ಪುಸ್ತಕದ ಕಪಾಟಿನಂತೆ ಕಪಾಟು, ಪುಸ್ತಕ, ಅಧ್ಯಾಯ, ಪುಟ ಎಂದು ಜೋಡಿಸಿ ಕೊಡುತ್ತದೆ. ಕಮಾಂಡ್ ಲೈನ್ ಕಂಡರೆ ಆಗದವರಿಗೂ ಹಿಡಿಸುತ್ತದೆ. ಆದರೆ ಅದರ ಹಿಂದೆ ಡೇಟಾಬೇಸ್ ಇದೆ, ಹಾಗಾಗಿ ರಾತ್ರಿ ರಾತ್ರಿ ಪುಟಗಳನ್ನು ಹೊರಗೆ ತೆಗೆದಿಡುವ ಏರ್ಪಾಡು ಬೇಕೇ ಬೇಕು. ಈಗಾಗಲೇ ಕಾನ್ಫ್ಲುಯೆನ್ಸ್‌ಗೋ ಶೇರ್‌ಪಾಯಿಂಟಿಗೋ ಒಗ್ಗಿಹೋದ ದೊಡ್ಡ ಕಂಪನಿಯಲ್ಲಿ ಅದನ್ನು ಕೀಳಲು ಹೋಗುವುದು ವ್ಯರ್ಥ ಜಗಳ. ಸಂಕಟದ ಹೊತ್ತಿಗೆ ಬೇಕಾಗುವ ಇಪ್ಪತ್ತು ಮೂವತ್ತು ಪುಟಗಳನ್ನು ಪಿಡಿಎಫ್ ಮಾಡಿ ಪಾಳಿಯವರ ಲ್ಯಾಪ್‌ಟಾಪಿಗೆ ದಿನವೂ ತಲುಪಿಸಿದರೆ ಮುಕ್ಕಾಲು ಪಾಲು ಅಪಾಯ ತೀರಿತು. ಅತ್ಯಂತ ಮುಖ್ಯವಾದ ಒಂದೆರಡು ಹಾಳೆ ಕಾಗದದ ಮೇಲೇ ಇರಲಿ. ಯಾರಿಗೆ ಫೋನು ಮಾಡಬೇಕು, ಡೇಟಾ ಸೆಂಟರಿನ ಬಾಗಿಲು ಯಾರು ತೆಗೆಯುತ್ತಾರೆ, ಮೊದಲ ಸರ್ವರನ್ನು ಎಬ್ಬಿಸುವುದು ಹೇಗೆ. ಭಾರತದಲ್ಲಾದರೆ, ಸೈಬರ್ ದಾಳಿಯನ್ನು ಗಮನಿಸಿದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಇರುವುದರಿಂದ, ವರದಿ ಕಳಿಸುವವರು ಯಾರೆನ್ನುವುದೂ ಆ ಹಾಳೆಯಲ್ಲಿರಬೇಕು.

ಎರಡನೆಯ ಪ್ರಶ್ನೆ ತಿದ್ದುವುದರದು, ಮತ್ತು ಇದೇ ಹೆಚ್ಚು ತೊಡಕಿನದು. ಓದಲು ಸಿಕ್ಕ ಪುಟ ಹಳಸಿದ್ದರೆ ಸಿಗದಿರುವುದಕ್ಕಿಂತ ಕೆಡುಕು. ಪುಟವೇ ಇಲ್ಲದಾಗ ಮನುಷ್ಯ ಎಚ್ಚರದಿಂದ ಹೆಜ್ಜೆ ಇಡುತ್ತಾನೆ, ಹೋದ ವರ್ಷದ ಪಂಚಾಂಗ ಕೈಯಲ್ಲಿದ್ದಾಗ ಧೈರ್ಯವಾಗಿ ತಪ್ಪು ಮುಹೂರ್ತಕ್ಕೆ ಹೊರಡುತ್ತಾನೆ. ಸರ್ವರುಗಳ ಲೋಕದಲ್ಲಿ ಬರಹ ಹಳಸುವ ವೇಗ ಎಲ್ಲಕ್ಕೂ ಒಂದೇ ಅಲ್ಲ. ಯಾವ ಯಂತ್ರಕ್ಕೆ ಯಾವ ಐಪಿ ವಿಳಾಸ, ಯಾವ ಕೇಬಲ್ ಯಾವ ಪೋರ್ಟಿಗೆ ಎಂಬುದು ವಾರಕ್ಕೊಮ್ಮೆ ಬದಲಾಗುತ್ತದೆ; ಅದು ಹಾಲಿನಂತೆ. ಒಂದು ಸೇವೆಯನ್ನು ಎಬ್ಬಿಸುವ ಕ್ರಮ ತಿಂಗಳುಗಟ್ಟಲೆ ಬಾಳುತ್ತದೆ. ಈ ಡೇಟಾಬೇಸನ್ನೇ ಏಕೆ ಆರಿಸಿದೆವು ಎಂಬ ಕಾರಣ ಉಪ್ಪಿನಕಾಯಿಯಂತೆ, ವರ್ಷ ಕಳೆದಷ್ಟೂ ಬೆಲೆ ಹೆಚ್ಚು. ಮೂರನ್ನೂ ಒಂದೇ ವಿಕಿಯಲ್ಲಿ ಸುರಿದರೆ ಹಾಲು ಒಡೆದು ಉಳಿದದ್ದರ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ. ಮೊದಲ ಬಗೆಯದ್ದನ್ನು ಕೈಯಿಂದ ಬರೆಯಲೇಬಾರದು. ಅದಕ್ಕೆ ನೆಟ್‌ಬಾಕ್ಸ್‌ನಂಥ ದಾಸ್ತಾನು ಪುಸ್ತಕಗಳಿವೆ. ಅವನ್ನು ಇತರ ಪ್ರೋಗ್ರಾಮುಗಳು ಓದಬಲ್ಲವು. ನಿಜಸ್ಥಿತಿಯ ಜೊತೆ ತಾಳೆ ಹಾಕಬಲ್ಲವು. ವಿಕಿಯಲ್ಲಿ ಅದರ ಕೊಂಡಿ ಇದ್ದರೆ ಸಾಕು.

ತಿದ್ದುವುದು ಸುಲಭವಾಗಬೇಕು ಎನ್ನುವುದೇ ವಿಕಿ ಹುಟ್ಟಿದ ಕಾರಣ. ವಾರ್ಡ್ ಕನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ಜಾಲಕ್ಕಿಟ್ಟಾಗ ಅದಕ್ಕೆ ಹೆಸರು ಎರವಲು ತಂದದ್ದು ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನಿಂದ. ಹವಾಯಿ ಭಾಷೆಯಲ್ಲಿ ‘ವಿಕಿ ವಿಕಿ’ ಎಂದರೆ ನಮ್ಮ ‘ಬೇಗ ಬೇಗ’; ಆ ದ್ವಿರುಕ್ತಿಯ ರುಚಿ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಓದುತ್ತಿದ್ದ ಪುಟದಲ್ಲೇ ಗುಂಡಿ ಒತ್ತಿ ತಿದ್ದಬಹುದು, ಯಾರ ಅಪ್ಪಣೆಯೂ ಬೇಡ ಎಂಬುದು ಅದರ ಹೊಸತನ. ಗಿಟ್ ಪಂಥದವರು ಇದಕ್ಕೆ ತಕರಾರು ತೆಗೆಯುತ್ತಾರೆ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಪರಿಶೀಲಿಸಿ ಒಪ್ಪಬೇಕು, ಕೋಡು ಬದಲಾದ ಜೊತೆಯಲ್ಲೇ ದಾಖಲೆಯೂ ಬದಲಾಗಬೇಕು ಎಂಬುದು ಅವರ ವಾದ. ಕೇಳಲು ಚೆನ್ನಾಗಿದೆ, ತಂಡದ ಎಲ್ಲರೂ ಗಿಟ್‌ನಲ್ಲಿ ಕೈಪಳಗಿದವರಾದರೆ ನಡೆಯಲೂಬಹುದು. ಆದರೆ ಹೆಲ್ಪ್‌ಡೆಸ್ಕಿನಲ್ಲಿ ಕೂತವರು, ಯುಪಿಎಸ್ ನೋಡಿಕೊಳ್ಳುವವರು ಒಂದು ಫೋನ್ ನಂಬರು ತಿದ್ದಲು ಶಾಖೆ ತೆಗೆದು, ಕಮಿಟ್ ಮಾಡಿ, ಯಾರದೋ ಒಪ್ಪಿಗೆಗೆ ಎರಡು ದಿನ ಕಾಯಬೇಕೆಂದರೆ ಅವರು ತಿದ್ದುವುದಿಲ್ಲ, ಅಷ್ಟೆ. ಗೋಡೆಗೆ ಚೀಟಿ ಅಂಟಿಸುತ್ತಾರೆ. ನಾಲ್ಕೈದು ಜನರ ಪಕ್ಕಾ ಲಿನಕ್ಸ್ ತಂಡಕ್ಕೆ ಗಿಟ್, ಎಲ್ಲ ಬಗೆಯವರೂ ಇರುವ ತಂಡಕ್ಕೆ ಡೋಕುವಿಕಿ ಎಂಬುದು ನನ್ನ ಆಯ್ಕೆ. ಪರಿಶೀಲನೆ ಬೇಕೆನಿಸಿದರೆ ತಿದ್ದಿದ ಮೇಲೆ ಮಾಡಬಹುದು. ವಿಕಿಯಲ್ಲೂ ಪ್ರತಿ ಬದಲಾವಣೆಯ ಇತಿಹಾಸ ಉಳಿಯುತ್ತದೆ.

ಹಳಸುವಿಕೆಗೆ ಇನ್ನೊಂದು ಮದ್ದು ಅರ್ಧ ಶತಮಾನದ ಹಿಂದೆಯೇ ಸಿಕ್ಕಿತ್ತು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದ ಯುನಿಕ್ಸ್‌ನ ಮೊದಲ ಕೈಪಿಡಿಯ ಮೇಲೆ 1971ರ ನವೆಂಬರ್ 3ರ ದಿನಾಂಕವಿದೆ. ಒಂದೊಂದು ಆಜ್ಞೆಗೆ ಒಂದೊಂದು ನಮೂದು. ಎಲ್ಲಕ್ಕೂ ಒಂದೇ ಚೌಕಟ್ಟು. ಕೆಳಗೆ ‘ಬಗ್ಸ್’ ಎಂಬ ತಲೆಬರಹ, ಅಲ್ಲಿ ಆ ಪ್ರೋಗ್ರಾಮು ಎಲ್ಲಿ ಎಡವುತ್ತದೆ ಎಂಬ ಮುಚ್ಚುಮರೆಯಿಲ್ಲದ ಒಪ್ಪಿಗೆ. ಅದರ ಕೆಳಗೆ ‘ಓನರ್’, ಆ ಪ್ರೋಗ್ರಾಮಿಗೆ ಯಾರು ಜವಾಬ್ದಾರರೋ ಅವರ ಲಾಗಿನ್ ಹೆಸರು. ಗಿಟ್‌ಲ್ಯಾಬ್‌ನ ಬ್ಯಾಕಪ್ಪಿಗೆ ಇಲ್ಲದೇ ಹೋದದ್ದು ಈ ಒಂದು ಪದ. ಯುನಿಕ್ಸ್ ಕೈಪಿಡಿಯ ಮುಂದಿನ ಆವೃತ್ತಿಗಳಲ್ಲಿ ಆ ತಲೆಬರಹ ಬಿದ್ದುಹೋಯಿತು, ‘ಬಗ್ಸ್’ ಇವತ್ತಿಗೂ ಉಳಿದಿದೆ. ಉಪಕರಣ ಆರಿಸುವಾಗ ಬಣ್ಣಬಣ್ಣದ ಟೆಂಪ್ಲೇಟುಗಳ ಬದಲು ನೋಡಬೇಕಾದ್ದು ಇಂಥದ್ದನ್ನು: ಪುಟದ ವಾರಸುದಾರರು ಯಾರು, ಕೊನೆಯ ಸಲ ಯಾರಾದರೂ ಇದನ್ನು ಅನುಸರಿಸಿ ಕೆಲಸ ಮಾಡಿದ್ದು ಯಾವಾಗ ಎಂದು ತೋರಿಸುತ್ತದೆಯೆ, ಆರು ತಿಂಗಳು ಯಾರೂ ಮುಟ್ಟದ ಪುಟಗಳ ಪಟ್ಟಿ ಕೊಡುತ್ತದೆಯೆ. ಕೊನೆಯ ಸಲ ತಿದ್ದಿದ ದಿನಾಂಕವನ್ನು ಎಲ್ಲ ಉಪಕರಣಗಳೂ ತೋರಿಸುತ್ತವೆ. ಅನುಸರಿಸಿ ನೋಡಿದ ದಿನಾಂಕವನ್ನು ನಾವೇ ಬರೆಯಬೇಕು.

ಈಗ ಎರಡನೇ ಆಕ್ಷೇಪ. ಸರ್ವರುಗಳನ್ನು ಈಗ ಯಾರು ಕೈಯಲ್ಲಿ ಕಟ್ಟುತ್ತಾರೆ, ಟೆರಾಫಾರ್ಮ್, ಆನ್ಸಿಬಲ್ ಮುಂತಾದವುಗಳಲ್ಲಿ ಕೋಡು ಬರೆದರೆ ಯಂತ್ರ ತಾನೇ ಎದ್ದು ನಿಲ್ಲುತ್ತದೆ, ಕೋಡೇ ದಾಖಲೆ ಎನ್ನುತ್ತಾರೆ. ಮಾಡಬಹುದಾದದ್ದನ್ನೆಲ್ಲ ಕೋಡಿಗೆ ಇಳಿಸುವುದು ಒಳ್ಳೆಯದೇ. ಅಮೆಜಾನ್‌ನ ಆ ಘಟನೆಯಲ್ಲಿ ಕೆಲಸಗಾರರು ಕೈಪಿಡಿಯನ್ನೇ ಅನುಸರಿಸುತ್ತಿದ್ದರು. ಆಜ್ಞೆಯ ಒಂದು ಅಂಶವನ್ನು ತಪ್ಪಾಗಿ ಟೈಪ್ ಮಾಡಿದ್ದರಿಂದ ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರುಗಳು ಒಮ್ಮೆಲೇ ಹೋದವು. ಅದಕ್ಕೆ ಕಂಪನಿ ಮಾಡಿದ ತಿದ್ದುಪಡಿ ಕೈಪಿಡಿಯಲ್ಲಿ ‘ಜೋಪಾನ’ ಎಂದು ದಪ್ಪಕ್ಷರದಲ್ಲಿ ಬರೆಯುವುದಲ್ಲ, ಒಂದು ಮಿತಿಗಿಂತ ಕೆಳಗೆ ಸರ್ವರುಗಳನ್ನು ತೆಗೆಯಲು ಬಿಡದಂತೆ ಆ ಪ್ರೋಗ್ರಾಮನ್ನೇ ಬದಲಿಸುವುದು. ಆದರೂ ಕೋಡು ಹೇಳುವುದು ಹೇಗಿದೆ ಎನ್ನುವುದನ್ನು. ಏಕೆ ಹಾಗಿದೆ, ಬೇರೆ ಯಾವ ದಾರಿ ನೋಡಿ ಬಿಟ್ಟೆವು ಎಂಬುದು ಅದರಲ್ಲಿ ಇರುವುದಿಲ್ಲ. ಹೊಸಬರು ಬಂದು, ಈ ವಿಚಿತ್ರ ಸಾಲು ಯಾಕಪ್ಪಾ ಎಂದು ಅಳಿಸುತ್ತಾರೆ, ಮೂರು ತಿಂಗಳ ಮೇಲೆ ಕಾರಣ ತಾನಾಗಿ ಪ್ರಕಟವಾಗುತ್ತದೆ. ಸಾಫ್ಟ್‌ವೇರ್ ತಜ್ಞ ಮೈಕಲ್ ನೈಗಾರ್ಡ್ 2011ರಲ್ಲಿ ಸೂಚಿಸಿದ, ಪ್ರತಿ ದೊಡ್ಡ ನಿರ್ಧಾರಕ್ಕೂ ಒಂದೆರಡು ಪುಟದ ಟಿಪ್ಪಣಿ ಬರೆದು ಅದನ್ನು ಎಂದೂ ಅಳಿಸದೆ, ನಿರ್ಧಾರ ಬದಲಾದರೆ ಹೊಸ ಟಿಪ್ಪಣಿ ಸೇರಿಸುವ ಪದ್ಧತಿ ಇದಕ್ಕೆ ಸರಿಯಾದ ಉತ್ತರ. ಇದು ಯಾವ ಉಪಕರಣದಲ್ಲಾದರೂ ಆಗುತ್ತದೆ.

ಮೂರನೆಯದು ಇನ್ನೂ ಆಳದ ಆಕ್ಷೇಪ. ಡೆನ್ಮಾರ್ಕಿನ ಗಣಕವಿಜ್ಞಾನಿ ಪೀಟರ್ ನೌರ್ 1985ರ ಪ್ರಬಂಧವೊಂದರಲ್ಲಿ, ಪ್ರೋಗ್ರಾಮಿನ ನಿಜವಾದ ತಿಳಿವು ಅದನ್ನು ಕಟ್ಟಿದವರ ಮನಸ್ಸಿನಲ್ಲಿರುತ್ತದೆ, ಅದನ್ನು ಕಾಗದಕ್ಕೆ ಪೂರ್ತಿ ಇಳಿಸಲಾಗದು ಎಂದು ವಾದಿಸಿದರು. ಅವರ ಉದಾಹರಣೆಯಲ್ಲಿ, ಕಂಪೈಲರ್ ಒಂದನ್ನು ಪಡೆದ ಎರಡನೇ ತಂಡಕ್ಕೆ ಕೋಡು, ವಿವರವಾದ ದಾಖಲೆ, ಕಟ್ಟಿದವರ ಸಲಹೆ ಎಲ್ಲವೂ ಇದ್ದರೂ ಅದರ ಒಳತರ್ಕ ದಕ್ಕಲಿಲ್ಲ. ಈ ವಾದವನ್ನು ತಳ್ಳಿಹಾಕಲಾಗದು. ಅಡುಗೆ ಪುಸ್ತಕ ಓದಿ ಹೋಳಿಗೆಯ ಕಣಕದ ಹದ ಬರುವುದಿಲ್ಲ. ಆದರೆ ಇದರಿಂದ ಬರೆಯುವುದೇ ದಂಡ ಎಂದಾಗುವುದಿಲ್ಲ. ಏನನ್ನು ಬರೆಯಬೇಕು ಎಂಬುದು ಬದಲಾಗುತ್ತದೆ. ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು ಜೆರಾಕ್ಸ್ ಯ‌ಂತ್ರ ರಿಪೇರಿ ಮಾಡುವವರ ಜೊತೆ ಓಡಾಡಿ 1996ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಕಂಪನಿಯ ಅಧಿಕೃತ ಕೈಪಿಡಿ ಕೈಯಲ್ಲಿದ್ದರೂ, ಕಷ್ಟದ ಕೇಸು ಬಂದಾಗ ಆ ರಿಪೇರಿಯವರು ನೆಚ್ಚುತ್ತಿದ್ದದ್ದು ತಮ್ಮೊಳಗೆ ಹೇಳಿಕೊಳ್ಳುವ ಕತೆಗಳನ್ನು: ಆ ಯಂತ್ರದಲ್ಲಿ ಅವತ್ತು ಹೀಗಾಯಿತು, ಇದಿರಬಹುದು ಎಂದುಕೊಂಡೆವು, ಇದಾಗಿರಲಿಲ್ಲ. ನೌರ್ ಹೇಳುವ ತಿಳಿವು ದಾಟುವುದಾದರೆ ಹೆಚ್ಚು ಪಾಲು ಇಂಥ ಕತೆಗಳಲ್ಲೇ ದಾಟುತ್ತದೆ. ಗಿಟ್‌ಲ್ಯಾಬ್ ಪ್ರಕಟಿಸಿದಂಥ ಘಟನಾ ವರದಿ, ತಪ್ಪು ಊಹೆಗಳನ್ನೂ ಬಿಡದೆ ದಾಖಲಿಸುವಂಥದ್ದು, ನೂರು ಪುಟದ ವಿನ್ಯಾಸ ದಾಖಲೆಗಿಂತ ಹೊಸಬರಿಗೆ ಹೆಚ್ಚು ಕಲಿಸುತ್ತದೆ. ಆದ್ದರಿಂದ ಘಟನೆಯ ನಡುವೆ ಹತ್ತು ಜನ ಒಂದೇ ಪುಟದಲ್ಲಿ ಗಂಟೆ ನಿಮಿಷ ಹಾಕಿ ಟಿಪ್ಪಣಿ ಬರೆಯಬಲ್ಲ ಒಂದು ಜಾಗ ಬೇಕು. ಗಿಟ್ ಇದಕ್ಕೆ ಒಗ್ಗುವುದಿಲ್ಲ. ಗಿಟ್‌ಲ್ಯಾಬ್‌ನವರೇ ಅವತ್ತು ಬಳಸಿದ್ದು ಗೂಗಲ್ ಡಾಕನ್ನು.

ತಿಳಿವು ದಾಟಿಸುವ ಈ ಮಾತು ಬೆಂಗಳೂರಿಗೆ ನೇರವಾಗಿ ತಾಗುತ್ತದೆ. ಇಲ್ಲಿ ಮೂರು ಗಂಟೆಯ ಓದುಗ ಎನ್ನುವುದು ಅಲಂಕಾರದ ಮಾತೇ ಅಲ್ಲ. ನಮಗೆ ರಾತ್ರಿ ಮೂರಾದಾಗ ಕ್ಯಾಲಿಫೋರ್ನಿಯದಲ್ಲಿ ಮಧ್ಯಾಹ್ನ ಒಂದೂವರೆ, ಅಲ್ಲಿನ ಬೇಸಿಗೆಯಲ್ಲಾದರೆ ಎರಡೂವರೆ. ಅಲ್ಲಿ ಕೆಲಸದ ಹೊತ್ತು, ಇಲ್ಲಿ ಪಾಳಿಯ ಹೊತ್ತು. ವ್ಯವಸ್ಥೆಯನ್ನು ಕಟ್ಟಿದವರು ಒಂದು ಖಂಡದಲ್ಲಿ, ಕಾಯುವವರು ಇನ್ನೊಂದರಲ್ಲಿ ಇರುವಾಗ ನಡುವಿನ ಸೇತುವೆ ಎಂದರೆ ‘ಕೆಟಿ’, ಅಂದರೆ ನಾಲೆಜ್ ಟ್ರಾನ್ಸ್‌ಫರ್. ಕೆಲಸ ಬಿಡುವವರು ಎರಡು ಮೂರು ತಿಂಗಳ ನೋಟಿಸ್ ಪೀರಿಯಡ್ಡಿನ ಕೊನೆಗೆ ಒಂದಷ್ಟು ಗಂಟೆ ಮಾತಾಡುತ್ತಾರೆ, ಅದು ವಿಡಿಯೋ ಆಗಿ ಎಲ್ಲೋ ಕೂರುತ್ತದೆ. ಆರು ಗಂಟೆಯ ರೆಕಾರ್ಡಿಂಗಿನಲ್ಲಿ ಬೇಕಾದ ಒಂದು ವಾಕ್ಯ ಎಲ್ಲಿದೆಯೆಂದು ಪೇಜರ್ ಕೂಗುತ್ತಿರುವಾಗ ಹುಡುಕುವ ವ್ಯವಧಾನ ಯಾರಿಗಿದೆ? ಯುದ್ಧಕಾಲೇ ಶಸ್ತ್ರಾಭ್ಯಾಸ ಅಂದರೆ ಇದೇ. ಹೊರಡುವವರು ಮಾತಾಡುವ ಬದಲು ಬಂದವರು ಬರೆಯುವುದು ಮೇಲು. ಹೊಸಬರು ಒಂದು ಕೆಲಸ ಮಾಡಿ, ತಮಗೆ ಅರ್ಥವಾದಂತೆ ಪುಟ ಬರೆದು, ಹಳಬರಿಂದ ತಿದ್ದಿಸಿಕೊಂಡರೆ ತಿಳಿವು ದಾಟಿತೋ ಇಲ್ಲವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಎಲ್ಲವನ್ನೂ ಒಂದೆಡೆ ಬರೆದಿಟ್ಟರೆ ಕಳ್ಳನಿಗೆ ನಕ್ಷೆ ಬರೆದುಕೊಟ್ಟಂತಲ್ಲವೆ ಎಂಬ ಭದ್ರತೆಯವರ ಆತಂಕ ಸುಳ್ಳಲ್ಲ. 2022ರ ಜೂನ್‌ನಲ್ಲಿ ಕಾನ್ಫ್ಲುಯೆನ್ಸ್‌ನ ಸ್ವಂತ ಸರ್ವರಿನ ಆವೃತ್ತಿಯಲ್ಲಿ ಲಾಗಿನ್ನೇ ಇಲ್ಲದೆ ಹೊರಗಿನವರು ತಮ್ಮ ಕೋಡು ಓಡಿಸಬಹುದಾದ ದೋಷ ಬಯಲಾದಾಗ, ತೇಪೆ ಬರುವ ಮುನ್ನವೇ ದಾಳಿ ನಡೆದಿತ್ತು. ಪಾಸ್‌ವರ್ಡುಗಳು ವಿಕಿಯಲ್ಲಿ ಇರಲೇಬಾರದು, ಅವಕ್ಕೆ ಕೀಪಾಸ್, ವಾಲ್ಟ್‌ನಂಥ ಬೇರೆ ತಿಜೋರಿ ಬೇಕು; ನಕಲು ಹೊತ್ತ ಲ್ಯಾಪ್‌ಟಾಪಿನ ಡಿಸ್ಕ್ ಗೂಢಲಿಪಿಯಲ್ಲಿರಬೇಕು. ಇಷ್ಟು ಮಾಡಿದ ಮೇಲೂ ನಕ್ಷೆ ಕಳುವಾಗುವ ಭಯಕ್ಕೆ ನಕ್ಷೆಯೇ ಬೇಡವೆಂದರೆ, ದಾಳಿಯಾದ ಮಾರನೆಯ ದಿನ ಮನೆ ಮತ್ತೆ ಕಟ್ಟಬೇಕಾದವರು ಕತ್ತಲಲ್ಲಿ ತಡಕಾಡುತ್ತಾರೆ.

ಇತ್ತೀಚಿನ ಆಸೆ ಎಐ. ಚಾಟು, ಇಮೇಲು, ಟಿಕೆಟ್ಟುಗಳನ್ನೆಲ್ಲ ಅದಕ್ಕೆ ಓದಿಸಿದರೆ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಜೋಡಿಸಿಡುವ ಉಸಾಬರಿ ಯಾಕೆ ಎನ್ನುವವರಿದ್ದಾರೆ. ಹುಡುಕಾಟಕ್ಕೆ ಅದರಿಂದ ನಿಜವಾದ ಸಹಾಯವಿದೆ. ಆದರೆ ಒಂದೇ ಕೆಲಸದ ಬಗ್ಗೆ 2019ರ ಪುಟವೂ 2024ರ ಪುಟವೂ ಇದ್ದು, ಯಾವುದು ಬಾಳುತ್ತಿದೆ ಎಂದು ಯಾರೂ ಬರೆದಿಲ್ಲದಿದ್ದರೆ, ಅದು ಎರಡನ್ನೂ ಬೆರೆಸಿ ಸೊಗಸಾದ ವಾಕ್ಯದಲ್ಲಿ ಬಡಿಸುತ್ತದೆ. ಹಳೆಯ ವಿಕಿ ಪುಟಕ್ಕೆ ಧೂಳು ಹಿಡಿದ ಮುಖವಾದರೂ ಇರುತ್ತದೆ, ಓದುವವರಿಗೆ ಅನುಮಾನ ಬರುತ್ತದೆ. ಎಐ ಕೊಟ್ಟ ಉತ್ತರದಲ್ಲಿ ಆ ಧೂಳೂ ಕಾಣದು. ಜೊತೆಗೆ ಮೊದಲ ಪರೀಕ್ಷೆ ಇದಕ್ಕೂ ಅನ್ವಯ: ಜಾಲ ಹೋದ ರಾತ್ರಿ ಅದೂ ಮೌನ.

ಹೀಗಾಗಿ ಕೊಳ್ಳುವ ಮುಂಚೆ, ಮಾರಾಟಗಾರರ ಡೆಮೋ ನೋಡುವುದಕ್ಕಿಂತ ಅಗ್ಗವಾದ ಒಂದು ಪ್ರಯೋಗ ಇದೆ. ಎರಡು ಉಪಕರಣಗಳಲ್ಲಿ ಹತ್ತು ಹತ್ತು ನಿಜವಾದ ಪುಟಗಳನ್ನು ಬರೆದು ಒಂದು ತಿಂಗಳು ಬಳಸುವುದು. ಆಮೇಲೆ ಒಂದು ಮಧ್ಯಾಹ್ನ, ಪರೀಕ್ಷೆಯ ಸರ್ವರೊಂದನ್ನು ಬೇಕೆಂದೇ ಕೆಡಿಸಿ, ನೆಟ್‌ವರ್ಕ್ ವೈರು ಕಿತ್ತು, ತಂಡಕ್ಕೆ ಹೊಸದಾಗಿ ಸೇರಿದವರ ಕೈಗೆ ಲ್ಯಾಪ್‌ಟಾಪು ಕೊಟ್ಟು, ಎಬ್ಬಿಸಿ ಎನ್ನುವುದು. ಹಳಬರು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಈ ಪ್ರಯೋಗದ ಕಷ್ಟದ ಭಾಗ ಅದೇ. ಹೊಸಬರು ಎಲ್ಲಿ ನಿಂತರು, ಯಾವ ಸಾಲನ್ನು ಎರಡು ಸಲ ಓದಿದರು, ಯಾವಾಗ ಹಳಬರ ಮುಖ ನೋಡಿದರು ಎಂದು ಗುರುತು ಹಾಕಿಕೊಂಡು, ಅವತ್ತು ಸಂಜೆಯೊಳಗೆ ಯಾವ ಉಪಕರಣದಲ್ಲಿ ಆ ಜಾಗಗಳು ತಿದ್ದುಪಡಿಯಾದವು ಎಂದು ನೋಡಿದರೆ ಸೌಲಭ್ಯಗಳ ಪಟ್ಟಿಯ ಅಗತ್ಯ ಬೀಳುವುದಿಲ್ಲ. ಬಹಳ ಕಡೆ ಈ ಪ್ರಯೋಗ ಸರ್ವರಿನವರೆಗೆ ಹೋಗುವುದೇ ಇಲ್ಲ. ಪುಟ ತೆರೆಯುತ್ತದೆ, ಮೊದಲ ಸಾಲಿನಲ್ಲಿ “ತೊಂದರೆಯಾದರೆ ಇವರಿಗೆ ಫೋನು ಮಾಡಿ” ಎಂದು ಒಂದು ಹೆಸರಿರುತ್ತದೆ. ಆ ಹೆಸರಿನವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿರುತ್ತದೆ.